ಕಾರು ತಗ್ಗಿಸಿದರೆ ಟೈರು ಸವೆಯುತ್ತದೆಯೆ?

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೂ ಊರೂರಿನ ವೀಲ್ ಅಲೈನ್‌ಮೆಂಟ್ ಸೆಂಟರುಗಳಲ್ಲೂ ಒಂದು ವಾದ ವರ್ಷಗಳಿಂದ ಮುಗಿಯದೆ ನಡೆದಿದೆ. ಸ್ಪ್ರಿಂಗ್ ಬದಲಿಸಿ ಕಾರನ್ನು ಮೂವತ್ತೋ ನಲವತ್ತೋ ಮಿಲಿಮೀಟರ್ ತಗ್ಗಿಸಿದವರು ಹೇಳುವುದು: ‘ಅಲೈನ್‌ಮೆಂಟ್ ಸರಿಯಾಗಿ ಮಾಡಿಸಿದ್ರೆ ಟೈರಿಗೆ ಏನೂ ಆಗಲ್ಲ.’ ತಲೆ ನರೆತ ಮೆಕ್ಯಾನಿಕ್ಕುಗಳು ಹೇಳುವುದು: ‘ಗಾಡಿ ಇಳಿಸಿದ ದಿನವೇ ಟೈರಿನ ಆಸೆ ಬಿಟ್ಬಿಡಿ.’ ಇಬ್ಬರ ಮಾತಿಗೂ ಕಣ್ಣೆದುರಿನ ಸಾಕ್ಷಿ ಇದೆ. ತಗ್ಗಿಸಿದ ಮೇಲೂ ನಾಲ್ಕೂ ಟೈರು ಸಮನಾಗಿ ಸವೆದ ಕಾರುಗಳಿವೆ. ಮುಂದಿನ ಎರಡು ಟೈರುಗಳ ಹೊರಮೈ ಹೊಸದರಂತಿದ್ದು ಒಳಅಂಚು ಮಾತ್ರ ತಂತಿ ಕಾಣುವಷ್ಟು ಸವೆದ ಕಾರುಗಳೂ ಇವೆ.

ಈ ವ್ಯತ್ಯಾಸಕ್ಕೆ ಕಾರಣ ಅದೃಷ್ಟವಲ್ಲ. ಕಾರು ತಗ್ಗಿದಾಗ ಚಕ್ರದ ಕೋನಗಳೆಲ್ಲ ಸ್ವಲ್ಪ ಸ್ವಲ್ಪ ಬದಲಾಗುತ್ತವೆ. ಅವುಗಳಲ್ಲಿ ಕೆಲವನ್ನು ಸ್ಪ್ಯಾನರ್ ಹಿಡಿದು ಸರಿಪಡಿಸಬಹುದು. ಕೆಲವನ್ನು ಎಷ್ಟು ದುಬಾರಿಯ ಯಂತ್ರವಿದ್ದರೂ ಸರಿಪಡಿಸಲಾಗದು. ಯಾವುದು ಯಾವ ಬಗೆಯದು ಎಂದು ತಿಳಿಯದೆ ಪರ ನಿಂತರೂ ವಿರೋಧ ನಿಂತರೂ ಮಾತು ಅರ್ಧಕ್ಕೇ ನಿಲ್ಲುತ್ತದೆ. ಒಂದು ಕುಟುಂಬ ಕೂತು ಹೋಗುವ ಕಾರು ನೆಲಕ್ಕೆ ತಾಗುವುದು ಅಂಗೈಯಗಲದ ನಾಲ್ಕು ರಬ್ಬರ್ ತುಣುಕುಗಳಲ್ಲಿ. ಆದ್ದರಿಂದ ಈ ಲೆಕ್ಕವನ್ನು ಎರಡೂ ಕಡೆಯಿಂದ ನಿಧಾನವಾಗಿ ಹಾಕಬೇಕು.

ತಗ್ಗಿಸುವವರ ಪರವಾಗಿ

ಕಾರು ತಗ್ಗಿಸುವವರನ್ನು ಬರೀ ಶೋಕಿಯವರು ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ನ್ಯಾಯವಲ್ಲ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರುವಷ್ಟು ಇದ್ದ ಸಂದು ಕಿರಿದಾದರೆ ಕಾರು ಚೆಂದ ಕಾಣುತ್ತದೆ. ದುಡಿದ ದುಡ್ಡಿನಲ್ಲಿ ಕೊಂಡ ಕಾರು ಚೆಂದ ಕಾಣಲಿ ಎನ್ನುವ ಆಸೆಯಲ್ಲಿ ತಪ್ಪೇನಿದೆ? ಚೆಂದದ ಮಾತು ಪಕ್ಕಕ್ಕಿಟ್ಟರೂ ಅವರ ಬಳಿ ಗಟ್ಟಿಯಾದ ಕಾರಣಗಳಿವೆ.

ಕಾರು ತಿರುವಿನಲ್ಲಿ ಹೋಗುವಾಗ ಒಳಬದಿಯ ಚಕ್ರಗಳ ಮೇಲಿನ ಭಾರ ಹೊರಬದಿಯ ಚಕ್ರಗಳಿಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ತಿರುವಿನ ಬಿರುಸು, ಎಡ ಬಲ ಚಕ್ರಗಳ ನಡುವಿನ ಅಗಲ, ಗುರುತ್ವ ಕೇಂದ್ರದ ಎತ್ತರ. 1,000 ಕೆ.ಜಿ. ತೂಕದ, ಚಕ್ರಗಳ ನಡುವೆ 1,480 ಮಿ.ಮೀ. ಅಗಲವಿರುವ ಒಂದು ಹ್ಯಾಚ್‌ಬ್ಯಾಕ್ ಇದೆ ಎನ್ನಿ. ಗುರುತ್ವ ಕೇಂದ್ರ ನೆಲದಿಂದ 550 ಮಿ.ಮೀ. ಎತ್ತರದಲ್ಲಿದೆ. ಗುರುತ್ವದ ಅರ್ಧದಷ್ಟು ಬಲ ಪಕ್ಕಕ್ಕೆ ಎಳೆಯುವ ತಿರುವಿನಲ್ಲಿ ಸುಮಾರು 186 ಕೆ.ಜಿ. ಭಾರ ಹೊರಚಕ್ರಗಳಿಗೆ ಸರಿಯುತ್ತದೆ. ಅದೇ ಕಾರನ್ನು 30 ಮಿ.ಮೀ. ತಗ್ಗಿಸಿದರೆ ಸರಿಯುವ ಭಾರ 176 ಕೆ.ಜಿ.ಗೆ ಇಳಿಯುತ್ತದೆ. ಹತ್ತು ಕೆ.ಜಿ. ದೊಡ್ಡದೇನಲ್ಲ, ಆದರೆ ಸುಳ್ಳೂ ಅಲ್ಲ. ಇದರ ಜೊತೆಗೆ ಸ್ಪ್ರಿಂಗೂ ಗಟ್ಟಿಯಾಗಿರುವುದರಿಂದ ಕಾರು ಓಲಾಡುವುದು ಕಡಿಮೆಯಾಗುತ್ತದೆ, ಸ್ಟೀರಿಂಗ್ ತಿರುಗಿಸಿದೊಡನೆ ಮೂತಿ ತಿರುಗುತ್ತದೆ. ಚಾಲನೆಯನ್ನು ಪ್ರೀತಿಸುವವರಿಗೆ ಇದು ನಿತ್ಯದ ಸಂತೋಷ.

ಅವರ ಇನ್ನೊಂದು ವಾದಕ್ಕೆ ಇನ್ನೂ ಹೆಚ್ಚು ತೂಕವಿದೆ. ಯುರೋಪಿನಲ್ಲಿ ರೂಪುಗೊಂಡ ಅನೇಕ ಕಾರುಗಳ ಎತ್ತರವನ್ನು ಭಾರತಕ್ಕೆಂದು ಏರಿಸಿಯೇ ಮಾರುತ್ತಾರೆ. ಹಾಗಿರುವಾಗ ಇಪ್ಪತ್ತೋ ಮೂವತ್ತೋ ಮಿಲಿಮೀಟರ್ ತಗ್ಗಿಸುವುದೆಂದರೆ ಕಾರನ್ನು ಅದರ ಮೂಲ ಎತ್ತರಕ್ಕೆ ಮರಳಿ ತಂದಂತೆ ಎಂದು ಅವರು ಹೇಳುತ್ತಾರೆ. ಫೋಕ್ಸ್‌ವ್ಯಾಗನ್‌ನಂಥ ಕಂಪನಿಗಳ ಸರ್ವಿಸ್ ಕೋಷ್ಟಕಗಳಲ್ಲಿ ಒಂದೇ ಮಾದರಿಯ ಕಾರಿಗೆ ಸಾಧಾರಣ ಸಸ್ಪೆನ್ಷನ್, ಸ್ಪೋರ್ಟ್ಸ್ ಸಸ್ಪೆನ್ಷನ್, ಕೆಟ್ಟ ರಸ್ತೆಗಳ ಸಸ್ಪೆನ್ಷನ್ ಎಂದು ಬೇರೆ ಬೇರೆ ಅಲೈನ್‌ಮೆಂಟ್ ಅಳತೆಗಳು ಇರುತ್ತವೆ. ಅಂದರೆ ಎತ್ತರ ಬದಲಾದರೆ ಕೋನವೂ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು ಎಂಬುದನ್ನು ಕಾರು ಮಾಡುವವರೇ ಒಪ್ಪಿಕೊಂಡಿದ್ದಾರೆ. ತಗ್ಗಿದ ಕಾರು ತನ್ನಷ್ಟಕ್ಕೆ ತಪ್ಪಾದ ಕಾರಲ್ಲ.

ಕ್ಯಾಂಬರ್: ಅರ್ಧ ಅಪರಾಧಿ

ಮಾರುತಿ ಸ್ವಿಫ್ಟ್, ಫೋಕ್ಸ್‌ವ್ಯಾಗನ್ ಪೋಲೊ ಮುಂತಾಗಿ ನಮ್ಮಲ್ಲಿ ಹೆಚ್ಚಾಗಿ ತಗ್ಗಿಸುವ ಹ್ಯಾಚ್‌ಬ್ಯಾಕುಗಳ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಈ ಏರ್ಪಾಡು ಸರಳ, ಅಗ್ಗ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಒಂದು ಕಂಬ ಮೇಲೆ, ಚಕ್ರದ ಬುಡವನ್ನು ಹಿಡಿಯುವ ಲೋಯರ್ ಆರ್ಮ್ ಕೆಳಗೆ. ಕಾರು ತಗ್ಗಿದಾಗ ಚಕ್ರ ಬಾಡಿಯತ್ತ ಏರುತ್ತದೆ. ಆ ಏರಿಕೆಯಲ್ಲಿ ಲೋಯರ್ ಆರ್ಮ್ ಕಮಾನಿನಂತೆ ತಿರುಗಿ ಚಕ್ರದ ಬುಡವನ್ನು ತುಸು ಹೊರಗೆ ದೂಡುತ್ತದೆ, ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಇದೇ ನೆಗೆಟಿವ್ ಕ್ಯಾಂಬರ್.

ಟೈರು ಒಳಗಡೆ ತಿಂದರೆ ಜನ ಮೊದಲು ಬೈಯುವುದು ಕ್ಯಾಂಬರನ್ನೇ. ಚಕ್ರ ಒಳಕ್ಕೆ ವಾಲಿರುವುದು ಕಣ್ಣಿಗೆ ಕಾಣುತ್ತದೆ, ಒಳಅಂಚು ಸವೆದಿರುವುದೂ ಕಾಣುತ್ತದೆ. ಎರಡನ್ನೂ ಗಂಟುಹಾಕುವುದು ಸಹಜ. ಕ್ಯಾಂಬರ್ ನಿರಪರಾಧಿಯೂ ಅಲ್ಲ. ನೇರ ರಸ್ತೆಯಲ್ಲಿ ಭಾರವೆಲ್ಲ ಒಳಭುಜದ ಕಡೆಗೆ ಬಿದ್ದರೆ ಆ ಭಾಗ ಬೇಗ ಸವೆಯಲೇಬೇಕು. ಆದರೆ ಮೂವತ್ತು ಮಿಲಿಮೀಟರ್ ತಗ್ಗಿಸಿದ ಸ್ಟ್ರಟ್ ಕಾರಿನಲ್ಲಿ ಕ್ಯಾಂಬರ್ ಸಾಮಾನ್ಯವಾಗಿ ಒಂದು ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಅಷ್ಟರಿಂದ ಆಗುವ ಸವೆತ ನಿಧಾನದ್ದು. ಐದು ಸಾವಿರ ಕಿಲೋಮೀಟರಿಗೊಮ್ಮೆ ಟೈರುಗಳ ಜಾಗ ಬದಲಿಸುತ್ತಿದ್ದರೆ ಹೆಚ್ಚಿನಮಟ್ಟಿಗೆ ತಡೆದುಕೊಳ್ಳಬಹುದು.

ಇನ್ನೊಂದು ಮಾತನ್ನೂ ಹೇಳಬೇಕು. ಚಾರ್ಮಾಡಿ, ಶಿರಾಡಿ, ಆಗುಂಬೆ ಘಾಟಿಗಳಲ್ಲಿ ಬಿರುಸಾಗಿ ಓಡಿಸುವವರ ಕಾರುಗಳಲ್ಲಿ, ಎತ್ತರ ಹಾಗೇ ಇದ್ದರೂ, ಮುಂದಿನ ಟೈರುಗಳ ಹೊರಭುಜ ಸವೆದುಹೋಗುತ್ತದೆ. ತಿರುವಿನಲ್ಲಿ ಕಾರು ವಾಲಿದಾಗ ಹೊರಚಕ್ರ ತನ್ನ ಹೊರಅಂಚಿನ ಮೇಲೆ ನಿಲ್ಲುವುದೇ ಅದಕ್ಕೆ ಕಾರಣ. ಸ್ವಲ್ಪ ನೆಗೆಟಿವ್ ಕ್ಯಾಂಬರ್ ಇದ್ದರೆ ಆ ಹೊತ್ತಿನಲ್ಲಿ ಟೈರಿನ ಪೂರ್ತಿ ಅಗಲ ನೆಲಕ್ಕೆ ಕೂರುತ್ತದೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗುವವರು ಕ್ಯಾಂಬರನ್ನು ಬೇಕೆಂದೇ ಹೆಚ್ಚಿಸುವುದು ಇದಕ್ಕಾಗಿ. 2010ರಲ್ಲಿ ಭಾರತದಲ್ಲಿ ಶುರುವಾದ ಪೋಲೊ ಕಪ್ ರೇಸಿನ ಕಾರುಗಳೂ ತಗ್ಗಿದವೇ, ಅವುಗಳ ಚಕ್ರಗಳೂ ಒಳಕ್ಕೆ ವಾಲಿದವೇ. ಟ್ರ್ಯಾಕಿನಲ್ಲಿ ಟೈರನ್ನು ಕಾಯುವ ಕೋನವೇ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ತೆವಳುವ ಕಾರಿನ ಟೈರಿನ ಒಳಅಂಚನ್ನು ತಿನ್ನುತ್ತದೆ. ಹಾಗಾಗಿ ಯಾವ ರಸ್ತೆ, ಎಂಥ ಓಡಾಟ ಎಂದು ಕೇಳದೆ ಕ್ಯಾಂಬರ್ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡಲಾಗದು.

ಟೋ: ನಿಜವಾದ ಭಕ್ಷಕ

ಟೈರನ್ನು ನಿಜವಾಗಿ ತಿನ್ನುವುದು ಟೋ. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿ ಒಳಮುಖವಾಗಿದ್ದರೆ ಟೋ ಇನ್, ಹೊರಮುಖವಾಗಿದ್ದರೆ ಟೋ ಔಟ್. ಸ್ಟೀರಿಂಗ್ ರ್‍ಯಾಕಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಒಂದು ಕಮಾನಿನಲ್ಲಿ ತಿರುಗುತ್ತದೆ, ಲೋಯರ್ ಆರ್ಮ್ ತನ್ನದೇ ಇನ್ನೊಂದು ಕಮಾನಿನಲ್ಲಿ. ಕಂಪನಿಯವರು ಮೂಲ ಎತ್ತರದ ಆಚೀಚೆ ಈ ಎರಡು ಕಮಾನುಗಳು ಆದಷ್ಟು ಹೊಂದಿಕೊಂಡು ಹೋಗುವಂತೆ ರೂಪಿಸಿರುತ್ತಾರೆ. ಎತ್ತರ ಬದಲಾದ ಕೂಡಲೇ ಹೊಂದಿಕೆ ತಪ್ಪಿ ಚಕ್ರದ ಮೂತಿ ತಿರುಗುತ್ತದೆ. ಒಳಕ್ಕೋ ಹೊರಕ್ಕೋ ಎಂಬುದು ರ್‍ಯಾಕ್ ಆಕ್ಸಲಿನ ಮುಂದಿದೆಯೋ ಹಿಂದಿದೆಯೋ, ಟೈ ರಾಡಿನ ವಾಲು ಎಷ್ಟು ಎಂಬುದನ್ನು ಅವಲಂಬಿಸಿದೆ.

ಲೆಕ್ಕ ಹಾಕಿ ನೋಡಿದರೆ ಇದರ ಹಾವಳಿ ಅರ್ಥವಾಗುತ್ತದೆ. ಒಂದು ಚಕ್ರದ ಟೋ ಡಿಗ್ರಿಯ ಐದನೇ ಒಂದು ಭಾಗದಷ್ಟು, ಅಂದರೆ 0.2 ಡಿಗ್ರಿ ತಪ್ಪಿದೆ ಎಂದುಕೊಳ್ಳೋಣ. ಕಣ್ಣಿಗೆ ಏನೇನೂ ಕಾಣದು. ಆ ಚಕ್ರವನ್ನು ತನ್ನಷ್ಟಕ್ಕೆ ಬಿಟ್ಟರೆ ಪ್ರತಿ ಕಿಲೋಮೀಟರಿಗೆ ಮೂರೂವರೆ ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಹತ್ತು ಸಾವಿರ ಕಿಲೋಮೀಟರಿಗೆ ಅದು 35 ಕಿಲೋಮೀಟರ್! ಕಾರು ನೇರವಾಗಿಯೇ ಹೋಗುವುದರಿಂದ ಈ ಪಕ್ಕದ ಎಳೆತವನ್ನೆಲ್ಲ ತಾಳಬೇಕಾದದ್ದು ಟೈರಿನ ರಬ್ಬರು. ಸ್ವಲ್ಪ ಬಾಗಿ ತಾಳುತ್ತದೆ, ಉಳಿದದ್ದನ್ನು ನೆಲಕ್ಕೆ ಉಜ್ಜಿಕೊಂಡು ತಾಳುತ್ತದೆ. ಇದರ ಮೇಲೆ ನೆಗೆಟಿವ್ ಕ್ಯಾಂಬರೂ ಸೇರಿದರೆ ಉಜ್ಜಾಟವೆಲ್ಲ ಒಳಅಂಚಿನ ಒಂದು ಕಿರಿದಾದ ಪಟ್ಟಿಯಲ್ಲಿ ನಡೆಯುತ್ತದೆ. ತಗ್ಗಿಸಿದ ಕಾರುಗಳ ಟೈರುಗಳು ಒಂದೇ ಹಂಗಾಮಿನಲ್ಲಿ ಹಾಳಾಗುವುದು ಈ ಇಬ್ಬರು ಕೂಡಿಕೊಂಡಾಗ. ಕ್ಯಾಂಬರ್ ಜಾಗ ತೋರಿಸುತ್ತದೆ, ಟೋ ತಿನ್ನುತ್ತದೆ.

ತಗ್ಗಿಸುವವರ ಪರವಾದ ಅತಿ ಬಲವಾದ ಸಂಗತಿ ಇಲ್ಲಿಯೇ ಇದೆ. ಎಲ್ಲ ಕಾರುಗಳಲ್ಲೂ ಮುಂದಿನ ಚಕ್ರಗಳ ಟೋ ಹೊಂದಿಸಲು ಬರುತ್ತದೆ. ಟೈ ರಾಡಿನ ತುದಿಯ ಲಾಕ್ ನಟ್ ಸಡಿಲಿಸಿ, ರಾಡ್ ತಿರುಗಿಸಿ, ಮತ್ತೆ ಬಿಗಿಮಾಡಿದರೆ ಮುಗಿಯಿತು. ಹೆಚ್ಚು ತಿನ್ನುವ ಕೋನವೇ ಸುಲಭವಾಗಿ ಸರಿಹೋಗುವ ಕೋನ. ಎತ್ತರ ಬದಲಿಸಿಯೇ ಇರದ ಕಾರುಗಳೂ ಗುಂಡಿಗೆ ಬಿದ್ದು ಟೋ ತಪ್ಪಿ, ತಿಂಗಳುಗಟ್ಟಲೆ ಹಾಗೇ ಓಡಿ ಟೈರು ಕಳೆದುಕೊಳ್ಳುತ್ತವೆ. ಆ ದೃಷ್ಟಿಯಿಂದ ನೋಡಿದರೆ ಅಲೈನ್‌ಮೆಂಟಿಗೆ ಗಮನ ಕೊಡುವ ಒಬ್ಬನ ತಗ್ಗಿದ ಕಾರಿನ ಟೈರು, ಗಮನ ಕೊಡದವನ ಎತ್ತರದ ಕಾರಿನ ಟೈರಿಗಿಂತ ಹೆಚ್ಚು ಬಾಳಬಹುದು.

ಅಲೈನ್‌ಮೆಂಟ್ ಶೆಡ್ಡಿನಲ್ಲಿ

ಈ ಕೆಲಸವನ್ನು ಬಲ್ಲವರ ಕೈಯಲ್ಲಿ ನೋಡಬೇಕು. ಬೆಂಗಳೂರಿನ ಒಂದು ಶೆಡ್ಡಿಗೆ ತಗ್ಗಿಸಿದ ಹ್ಯಾಚ್‌ಬ್ಯಾಕೊಂದು ಬಂದಾಗ ನಾನು ಅಲ್ಲಿದ್ದೆ. ಯಜಮಾನರು ಕಂಪ್ಯೂಟರಿನ ಹತ್ತಿರ ಹೋಗಲೇ ಇಲ್ಲ. ಮೊದಲು ಕುಕ್ಕರಗಾಲಲ್ಲಿ ಕೂತು ಮುಂದಿನ ಟೈರಿನ ಒಳಬದಿಗೆ ಕೈ ಹಾಕಿ ಅಂಗೈಯಿಂದ ಸವರಿದರು. ಒಂದು ದಿಕ್ಕಿಗೆ ಸವರಿದಾಗ ನುಣ್ಣಗಿತ್ತು. ಎದುರು ದಿಕ್ಕಿಗೆ ಸವರಿದಾಗ ರಬ್ಬರಿನ ಪ್ರತಿ ಗುಬ್ಬಿಯ ಅಂಚೂ ಗರಗಸದ ಹಲ್ಲಿನಂತೆ ಬೆರಳಿಗೆ ತಗಲುತ್ತಿತ್ತು.

‘ಇಲ್ಲಿ ಕೈಯಿಡಪ್ಪಾ,’ ಎಂದರು ಕಾರಿನ ಹುಡುಗನಿಗೆ. ‘ಬರೀ ಕ್ಯಾಂಬರ್ ಆಗಿದ್ರೆ ನುಣ್ಣಗೆ ಸವೀತಿತ್ತು. ಹಿಂಗೆ ಹಲ್ಲು ಬಂದಿದೆ ಅಂದ್ರೆ ಟೋ ಹೊಡೆದಿದೆ.’

‘ಸ್ಪ್ರಿಂಗ್ ಹಾಕಿಸ್ದಾಗಲೇ ಅಲೈನ್‌ಮೆಂಟ್ ಮಾಡಿಸಿದ್ನಲ್ಲಾ ಅಣ್ಣಾ?’

‘ಅವತ್ತೇ ಮಾಡ್ಸಿದ್ದು, ಆಮೇಲೆ ಮಾಡ್ಸಿಲ್ಲ. ಸ್ಪ್ರಿಂಗ್ ಕೂತ್ಕೊಳ್ಳೋಕೆ ಟೈಮ್ ಬೇಕಲ್ವಾ? ಅದು ಕೂತ ಮೇಲೆ ಗಾಡಿ ಇನ್ನೊಂಚೂರು ಇಳಿದಿರತ್ತೆ, ಅಲೈನ್‌ಮೆಂಟ್ ಮತ್ತೆ ಹೋಗಿರತ್ತೆ.’

ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಅದು ತನ್ನ ಜಾಗಕ್ಕೆ ಕೂರುತ್ತದೆ. ಆಗ ಎರಡನೇ ಸಲ ಅಲೈನ್‌ಮೆಂಟ್ ಮಾಡಿಸಲೇಬೇಕು. ಇನ್ನೂ ಒಂದು ಸೂಕ್ಷ್ಮವಿದೆ. ಲೋಯರ್ ಆರ್ಮಿನ ಬುಷ್ ರಬ್ಬರಿನದು. ಕಾರು ಲಿಫ್ಟಿನ ಮೇಲೆ, ಚಕ್ರಗಳು ಜೋತುಬಿದ್ದಿರುವಾಗಲೇ ಅದರ ಬೋಲ್ಟನ್ನು ಬಿಗಿಮಾಡಿದರೆ, ಕಾರು ನೆಲಕ್ಕಿಳಿದ ಮೇಲೆ ಬುಷ್ ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ, ಹರಿದ ಬುಷ್ ಚಕ್ರದ ಕೋನವನ್ನು ಹಿಡಿದಿಡಲಾರದು. ಪೂರ್ತಿ ತೂಕ ಚಕ್ರಗಳ ಮೇಲೆ ಇರುವಾಗ ಕೊನೆಯ ಬಿಗಿ ಹಾಕುವುದು ಬಲ್ಲವರ ಪದ್ಧತಿ. ಅಳತೆಗೂ ಒಂದು ಕ್ರಮವಿದೆ: ಮೊದಲು ಗಾಳಿ ಸರಿಮಾಡಿ, ಟೈ ರಾಡ್ ಎಂಡಿನಲ್ಲೂ ಬಾಲ್ ಜಾಯಿಂಟಿನಲ್ಲೂ ಸಡಿಲ ಇಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಕ್ಯಾಂಬರ್, ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷದ ವಾಲು), ಎಲ್ಲಕ್ಕೂ ಕೊನೆಗೆ ಟೋ. ಕ್ಯಾಂಬರ್ ಮುಟ್ಟಿದರೆ ಟೋ ಕದಲುವುದರಿಂದ ಈ ಸರದಿಯನ್ನು ತಪ್ಪಿಸುವಂತಿಲ್ಲ.

ಟೋ ಮಾತ್ರ ಹೊಂದಿಸಿ, ಪ್ರಿಂಟಿನಲ್ಲಿ ಕೆಂಪಗೆ ಉಳಿದ ಕ್ಯಾಂಬರನ್ನು ‘ಇದು ಅಡ್ಜಸ್ಟ್ ಆಗಲ್ಲ ಸಾರ್’ ಎಂದು ಬಿಟ್ಟುಬಿಡುವ ಸೆಂಟರುಗಳು ಬೇಕಾದಷ್ಟಿವೆ. ಅವರ ಮಾತು ಅನೇಕ ಕಾರುಗಳ ಮಟ್ಟಿಗೆ ನಿಜವೇ. ಕಂಪನಿಯಿಂದ ಬಂದಂತೆ ಅಲ್ಲಿ ಹೊಂದಾಣಿಕೆಗೆ ಎಡೆ ತೀರಾ ಕಡಿಮೆ. ಸ್ಟ್ರಟ್ಟನ್ನು ಚಕ್ರದ ನಕಲ್‌ಗೆ ಎರಡು ಬೋಲ್ಟಿನಲ್ಲಿ ಬಿಗಿದಿರುವ ಕಾರುಗಳಿಗೆ ಕ್ಯಾಂಬರ್ ಬೋಲ್ಟ್ ಹಾಕಿ ಸರಿಪಡಿಸಬಹುದು; ಅದಕ್ಕೆ ಬೇರೆ ಖರ್ಚು, ಬೇರೆ ಕೆಲಸ.

ಹಿಂಬದಿಯ ಕತೆ ಕಾರಿನಿಂದ ಕಾರಿಗೆ ಬೇರೆ. ಸ್ವಿಫ್ಟ್ ಮತ್ತು ಪೋಲೊಗಳ ಹಿಂದೆ ಟಾರ್ಷನ್ ಬೀಮ್ ಇದೆ. ಎರಡೂ ಚಕ್ರಗಳು ಒಟ್ಟಿಗೆ ತಗ್ಗಿದಾಗ ಅಲ್ಲಿ ಕ್ಯಾಂಬರ್ ಮತ್ತು ಟೋ ಹೆಚ್ಚೇನೂ ಬದಲಾಗುವುದಿಲ್ಲ. 2006ರಲ್ಲಿ ನಮ್ಮಲ್ಲಿಗೆ ಬಂದ ಹೋಂಡಾ ಸಿವಿಕ್‌ನ ಹಿಂದೆ ಸ್ವತಂತ್ರ ಸಸ್ಪೆನ್ಷನ್ ಇತ್ತು. ಅದನ್ನು ತಗ್ಗಿಸಿದರೆ ಹಿಂಚಕ್ರಗಳು ಒಳಕ್ಕೆ ವಾಲುತ್ತವೆ, ಕ್ಯಾಂಬರ್ ಹೊಂದಿಸಲು ಬೇರೆ ಆರ್ಮ್‌ಗಳನ್ನೇ ಹಾಕಬೇಕು. ಗೆಳೆಯನ ಕಾರಿಗೆ ಏನೂ ಆಗಲಿಲ್ಲ ಎಂದು ತನ್ನ ಕಾರನ್ನೂ ತಗ್ಗಿಸುವವರು ಇದನ್ನು ಮೊದಲು ವಿಚಾರಿಸಬೇಕು.

ಯಂತ್ರ ಸರಿಪಡಿಸಲಾರದ್ದು

ಇಲ್ಲಿಯವರೆಗಿನ ಮಾತು ತಗ್ಗಿಸುವವರ ಕಡೆಗೇ ವಾಲಿದೆ. ಇನ್ನು ವಿರೋಧಿಸುವವರ ಮಾತಿಗೆ ಕಿವಿಗೊಡಬೇಕು. ಅವರ ವಾದದ ತಿರುಳು ಇದು: ಅಲೈನ್‌ಮೆಂಟ್ ಯಂತ್ರ ನೋಡುವುದು ನಿಂತ ಕಾರನ್ನು, ಟೈರು ಸವೆಯುವುದು ಓಡುವ ಕಾರಿನಲ್ಲಿ.

ತಗ್ಗಿದ ಕಾರಿನ ಟೈ ರಾಡೂ ಲೋಯರ್ ಆರ್ಮೂ ತಮ್ಮ ಮೂಲ ವಾಲುಗಳನ್ನು ಬಿಟ್ಟು ಬೇರೆಡೆ ನಿಂತಿರುತ್ತವೆ. ನಿಂತಲ್ಲಿ ಟೋವನ್ನು ಸೊನ್ನೆಗೆ ತಂದಿಟ್ಟರೂ, ಚಕ್ರ ಗುಂಡಿಗಿಳಿದು ಹಂಪ್ ಹತ್ತಿ ಏರಿಳಿಯುವಾಗಲೆಲ್ಲ ಟೋ ಮೊದಲಿಗಿಂತ ಹೆಚ್ಚು ಕದಲಬಹುದು. ಇದನ್ನು ಬಂಪ್ ಸ್ಟಿಯರ್ ಎನ್ನುತ್ತಾರೆ. ಸ್ಟೀರಿಂಗ್ ಹಿಡಿದವರಿಗೆ ಕೆಟ್ಟ ರಸ್ತೆಯಲ್ಲಿ ಕಾರು ತಾನಾಗಿ ಆ ಕಡೆ ಈ ಕಡೆ ಎಳೆದಂತೆ ಅನ್ನಿಸುವುದು ಇದರಿಂದಲೇ. ನುಣುಪಾದ ರಸ್ತೆಯಲ್ಲಿ ಇದು ಲೆಕ್ಕಕ್ಕಿಲ್ಲ. ಹೆಜ್ಜೆಹೆಜ್ಜೆಗೂ ಚಕ್ರ ಏರಿಳಿಯುವ ರಸ್ತೆಯಲ್ಲಿ ಟೈರು ಇದರ ಬೆಲೆ ತೆರುತ್ತಲೇ ಇರುತ್ತದೆ.

ಎರಡನೆಯದು ಇನ್ನೂ ಆಳದ್ದು. ಲೋಯರ್ ಆರ್ಮ್ ಸ್ಟ್ರಟ್‌ಗೆ ಲಂಬಕೋನವಾಗುವತ್ತ ಸಾಗಿದಂತೆ, ಚಕ್ರ ಇನ್ನಷ್ಟು ಮೇಲೇರಿದರೂ ನೆಗೆಟಿವ್ ಕ್ಯಾಂಬರ್ ಹೆಚ್ಚುವುದು ಕಡಿಮೆಯಾಗುತ್ತದೆ. ಆ ಹಂತ ದಾಟಿದರೆ ಇದ್ದ ಕ್ಯಾಂಬರೂ ಕಳೆಯತೊಡಗುತ್ತದೆ. ಜೊತೆಗೆ ಕಾರಿನ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ರೋಲ್ ಸೆಂಟರ್, ಸ್ಟ್ರಟ್ ಕಾರುಗಳಲ್ಲಿ ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಬಾಡಿಯನ್ನು ವಾಲಿಸುವ ಬಲಕ್ಕೆ ಹೆಚ್ಚು ಉದ್ದದ ಸನ್ನೆ ಸಿಕ್ಕಂತಾಗುತ್ತದೆ. ಅದನ್ನು ತಡೆಯಲು ಇನ್ನೂ ಗಟ್ಟಿ ಸ್ಪ್ರಿಂಗ್ ಬೇಕು. ಅತಿಯಾಗಿ ತಗ್ಗಿಸಿದ ಸ್ಟ್ರಟ್ ಕಾರು ಹೀಗೆ ತಾನು ಗಳಿಸಿದ ಲಾಭವನ್ನು ತಾನೇ ಕಳೆದುಕೊಳ್ಳುತ್ತದೆ. ಹದಿನೈದರಿಂದ ಮೂವತ್ತು ಮಿಲಿಮೀಟರಿಗೂ ಐವತ್ತು ಅರವತ್ತು ಮಿಲಿಮೀಟರಿಗೂ ಇರುವ ಅಂತರ ಬರೀ ಸಂಖ್ಯೆಯದ್ದಲ್ಲ. ಎರಡನೆಯದು ಕಾರಿನ ಸ್ವಭಾವವನ್ನೇ ಕೆಡಿಸಬಲ್ಲದು.

ಮೂರನೆಯದು ಚಕ್ರದ ಏರಿಳಿತಕ್ಕೆ ಉಳಿಯುವ ಜಾಗ. ಕಾರು ತಗ್ಗಿದಷ್ಟೂ ಶಾಕ್ ಅಬ್ಸಾರ್ಬರ್, ಏರಿಕೆಯನ್ನು ಕೊನೆಯಲ್ಲಿ ತಡೆಯುವ ತುಂಡಾದ ಬಂಪ್ ಸ್ಟಾಪಿಗೆ ಹತ್ತಿರವಾಗುತ್ತದೆ. ಐದು ಜನ ಕೂತು, ಡಿಕ್ಕಿ ತುಂಬ ಸಾಮಾನು ಹೇರಿ ಊರಿಗೆ ಹೊರಟರೆ ಸ್ಪ್ರಿಂಗಿನ ಕೆಲಸ ಮುಗಿದು ಬಂಪ್ ಸ್ಟಾಪೇ ಸ್ಪ್ರಿಂಗ್ ಆಗುತ್ತದೆ. ಪ್ರತಿ ಹೊಡೆತವೂ ನೇರ ಬಾಲ್ ಜಾಯಿಂಟಿಗೆ, ಬೇರಿಂಗಿಗೆ, ಬುಷ್ಷಿಗೆ ಹೋಗುತ್ತದೆ. ಇವು ಸಡಿಲವಾದರೆ ಅಲೈನ್‌ಮೆಂಟ್ ನಿಲ್ಲುವುದಿಲ್ಲ. ಅಲೈನ್‌ಮೆಂಟ್ ನಿಲ್ಲದಿದ್ದರೆ ಟೈರು ನಿಲ್ಲುವುದಿಲ್ಲ. ಮೆಕ್ಯಾನಿಕ್ಕುಗಳ ‘ಟೈರಿನ ಆಸೆ ಬಿಟ್ಬಿಡಿ’ ಎಂಬ ಮಾತಿನ ಹಿಂದೆ ಇರುವುದು ಈ ಸರಪಳಿ.

ಸ್ಪ್ರಿಂಗ್ ಬದಲಿಸುವ ದುಡ್ಡು ಉಳಿಸಲು ಇದ್ದ ಸ್ಪ್ರಿಂಗಿನ ಒಂದೆರಡು ಸುತ್ತನ್ನೇ ಕತ್ತರಿಸುವ ಪದ್ಧತಿಗೆ ಮಾತ್ರ ನಾನು ಯಾವ ಸಮರ್ಥನೆಯನ್ನೂ ಕಾಣೆ. ಕತ್ತರಿಸಿದ ತುದಿ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಜೋತುಬಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಕದಲಬಹುದು. ಎಡ ಬಲಗಳ ಎತ್ತರದಲ್ಲಿ ವ್ಯತ್ಯಾಸ ಬಂದರೆ ಎರಡು ಕಡೆಯ ಕ್ಯಾಂಬರ್ ಬೇರೆಬೇರೆಯಾಗಿ ಕಾರು ಒಂದು ಕಡೆಗೆ ಎಳೆಯತೊಡಗಬಹುದು. ತಗ್ಗಿಸುವುದನ್ನು ಪ್ರೀತಿಸುವವರೇ ಮುಂದೆ ನಿಂತು ಇದನ್ನು ಬೇಡವೆನ್ನಬೇಕು.

ರಸ್ತೆಯ ಸಾಕ್ಷ್ಯ, ಕಾನೂನಿನ ಮಾತು

ಕಾರನ್ನು ಮೂಲ ಎತ್ತರಕ್ಕೆ ಮರಳಿ ತರುತ್ತಿದ್ದೇವೆ ಎನ್ನುವವರಿಗೆ ಎದುರುವಾದ ರಸ್ತೆಯಿಂದಲೇ ಬರುತ್ತದೆ: ಎತ್ತರ ಏರಿಸಿದ್ದು ಯಾವ ರಸ್ತೆಗಾಗಿಯೋ ಆ ರಸ್ತೆ ಬದಲಾಗಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ವೇಗತಡೆಯ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಅಂಥ ಉಬ್ಬನ್ನು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಲೀಸಾಗಿ ದಾಟಬಹುದು. ನಮ್ಮ ಬಡಾವಣೆಗಳ ಹಂಪ್‌ಗಳಲ್ಲಿ ಎಷ್ಟು ಈ ಅಳತೆಯಲ್ಲಿವೆ ಎಂಬುದನ್ನು ಓದುಗರೇ ಬಲ್ಲರು. ಗಿಡ್ಡ ಅಗಲದ, ದಿಢೀರನೆ ಏಳುವ ಉಬ್ಬುಗಳೇ ಹೆಚ್ಚು. 2018ರ ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ.; 40 ತಗ್ಗಿಸಿದರೆ 123 ಉಳಿಯುತ್ತದೆ, ಅದೂ ಖಾಲಿ ಕಾರಿನ ಲೆಕ್ಕ.

ರೇಸಿನವರೂ ಇದೇ ಪಾಠ ಹೇಳುತ್ತಾರೆ. ಇರುಂಗಾಟ್ಟುಕೋಟೈ ಡಾಂಬರಿನಲ್ಲಿ ಕಾರು ತಗ್ಗಿಸುವವರೇ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿಯಂಥ ಮಣ್ಣಿನ ಹಾದಿಗೆ ಕಾರನ್ನು ಎತ್ತರಿಸುತ್ತಾರೆ. ಗೆಲ್ಲಬೇಕೆನ್ನುವವರು ಎತ್ತರವನ್ನು ರಸ್ತೆ ನೋಡಿ ಆರಿಸುತ್ತಾರೆ. ಟಾಟಾ ಮತ್ತು ಕೊಯಮತ್ತೂರಿನ ಜಯಂ ಸೇರಿ 2018ರಲ್ಲಿ ತಂದ ಟಿಯಾಗೊ ಜೆಟಿಪಿಯನ್ನು ನೋಡಿ. ಹೆಚ್ಚು ಬಲದ ಎಂಜಿನ್, ಅಗಲ ಟೈರು ಎಲ್ಲ ಕೊಟ್ಟರೂ ಎತ್ತರವನ್ನು ತಗ್ಗಿಸಿದ್ದು ಕೆಲವೇ ಮಿಲಿಮೀಟರ್.

ಕಾನೂನಿನ ಮಾತನ್ನೂ ಸೇರಿಸಿಕೊಳ್ಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸಬಾರದು ಎನ್ನುತ್ತದೆ. ಅದನ್ನು ಕಟ್ಟುನಿಟ್ಟಾಗಿ ಓದಬೇಕೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಎಡೆ ಮಾಡಿತು. ನೋಂದಣಿ ಪತ್ರದಲ್ಲಿ ಗ್ರೌಂಡ್ ಕ್ಲಿಯರೆನ್ಸ್ ನಮೂದಾಗಿರುವುದಿಲ್ಲ ಎಂಬ ವಾದಕ್ಕೆ ತೂಕ ಇದೆ. ಆದರೆ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿದ ಅಧಿಕಾರಿಯ ಎದುರು ಆ ವಾದ ನಿಲ್ಲುತ್ತದೆಂದು ನಂಬಿ ಹೊರಡುವುದು ಜಾಣತನವಲ್ಲ. ವಾರಂಟಿ ಮತ್ತು ವಿಮೆಯ ವಿಷಯದಲ್ಲೂ ಇದೇ ಎಚ್ಚರ ಬೇಕು.

ತೂಗಿ ನೋಡಿದಾಗ

ನನಗೆ ಕಾಣುವ ತೀರ್ಮಾನ ಇದು. ‘ತಗ್ಗಿಸಿದರೆ ಟೈರು ಹೋಯಿತು’ ಎಂಬುದು ನಿಯಮವಲ್ಲ. ಹೊಂದಿಕೆಯಾಗುವ ಶಾಕ್ ಅಬ್ಸಾರ್ಬರ್ ಜೊತೆ ಒಳ್ಳೆಯ ಸ್ಪ್ರಿಂಗ್ ಹಾಕಿ, ಮೂವತ್ತು ಮಿಲಿಮೀಟರಿನೊಳಗೆ ತಗ್ಗಿಸಿ, ಸ್ಪ್ರಿಂಗ್ ಕೂತ ಮೇಲೆ ಎರಡನೇ ಸಲ ಅಲೈನ್‌ಮೆಂಟ್ ಮಾಡಿಸಿ, ಆಮೇಲೂ ತಪ್ಪದೆ ನೋಡಿಸುತ್ತಿದ್ದರೆ ಟೈರು ಒಳ್ಳೆಯ ಬಾಳಿಕೆ ಕೊಡುತ್ತದೆ. ಹೆದ್ದಾರಿಯಲ್ಲಿ ಹೆಚ್ಚು ಓಡುವ, ಒಬ್ಬಿಬ್ಬರೇ ಕೂರುವ, ಓಡಿಸುವುದನ್ನೇ ಒಂದು ಹವ್ಯಾಸ ಮಾಡಿಕೊಂಡವರ ಕಾರಿಗೆ ಇದು ಸಲ್ಲುವ ಆಯ್ಕೆ. ಅವರನ್ನು ಹಂಗಿಸುವ ಕಾರಣವಿಲ್ಲ.

‘ಅಲೈನ್‌ಮೆಂಟ್ ಮಾಡಿಸಿದರೆ ಮುಗಿಯಿತು’ ಎಂಬುದೂ ನಿಯಮವಲ್ಲ. ಬಂಪ್ ಸ್ಟಿಯರ್, ರೋಲ್ ಸೆಂಟರ್, ಕಡಿಮೆಯಾದ ಏರಿಳಿತ ಇವು ಯಂತ್ರಕ್ಕೆ ಸಿಗುವಂಥವಲ್ಲ. ಗುಂಡಿ ಬಿದ್ದ ಬೀದಿಗಳಲ್ಲಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓಡುವ ಕಾರಿಗೆ ಇವುಗಳ ಬೆಲೆ ತಿಂಗಳು ತಿಂಗಳೂ ಬೀಳುತ್ತದೆ. ನಮ್ಮಲ್ಲಿ ಹೆಚ್ಚಿನ ಕಾರುಗಳು ಈ ಗುಂಪಿಗೇ ಸೇರುವುದರಿಂದ, ಹೆಚ್ಚಿನವರಿಗೆ ನನ್ನ ಸಲಹೆ ಎತ್ತರವನ್ನು ಇದ್ದ ಹಾಗೇ ಬಿಡಿ ಎಂದೇ. ಚಾಲನೆಯಲ್ಲಿ ಚುರುಕು ಬೇಕಿದ್ದರೆ ಮೊದಲು ಒಳ್ಳೆಯ ಟೈರು, ಆಮೇಲೆ ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿಸಿ. ತಗ್ಗಿಸಿ ಸಿಗುವ ಹಿತದಲ್ಲಿ ದೊಡ್ಡ ಪಾಲು ಅಷ್ಟರಲ್ಲೇ ಸಿಕ್ಕಿಬಿಡುತ್ತದೆ.

ಆದರೂ ತಗ್ಗಿಸುವೆನೆಂಬವರು ಒಂದು ಜವಾಬ್ದಾರಿಯನ್ನು ಒಪ್ಪಿಕೊಳ್ಳಲೇಬೇಕು. ಒಳಅಂಚಿನ ಸವೆತ ನಿಂತು ನೋಡಿದವರಿಗೆ ಕಾಣುವುದಿಲ್ಲ. ಹೊರಗಿನಿಂದ ನೋಡಿದರೆ ಟೈರಿನ ಗೀರುಗಳು ಆಳವಾಗಿಯೇ ಇರುತ್ತವೆ. ಒಳಗೆ ಕಾನೂನಿನ 1.6 ಮಿ.ಮೀ. ಮಿತಿಯೂ ದಾಟಿ ತಂತಿ ಹೊರಬಂದಿರಬಹುದು. ಮಳೆನೀರು ನಿಂತ ಹೆದ್ದಾರಿಯಲ್ಲಿ ಆ ಟೈರು ನೀರಿನ ಮೇಲೆ ತೇಲಿದಾಗ, ಇಲ್ಲವೇ ವೇಗದಲ್ಲಿ ಸಿಡಿದಾಗ, ತೊಂದರೆ ಓಡಿಸುವವರೊಬ್ಬರದೇ ಆಗಿರುವುದಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಮಂಡಿಯೂರಿ, ಟೈರಿನ ಒಳಬದಿಯನ್ನು ಅಂಗೈಯಿಂದ ಸವರಿ ನೋಡುವ ತಾಳ್ಮೆ ಇರುವವರು ಕಾರು ತಗ್ಗಿಸಲಿ. ಆ ತಾಳ್ಮೆ ಇಲ್ಲದವರಿಗೆ ಕಂಪನಿ ಕೊಟ್ಟ ಎತ್ತರವೇ ಸರಿ.